ಸೊಳ್ಳೆಗೆ ಬಾಗಿಲು ಮಾಡಿಕೊಡದ ಮೈಟರ್ ಸಾ: ಕಡಿಮೆ ದುಡ್ಡಲ್ಲಿ ಆರಿಸೋದು ಹೇಗೆ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಕಟಿಂಗ್ ಮಾಸ್ಟರ್. ವಾರಕ್ಕೆ ಆರು ದಿನ ಬಟ್ಟೆ ಕತ್ತರಿಸುತ್ತೇನೆ, ಭಾನುವಾರ ಮಾಳಿಗೆ ಮೇಲೆ ಮರ ಕೊಯ್ಯುತ್ತೇನೆ. ಈ ಹುಚ್ಚು ಹತ್ತಿಸಿದ್ದು ಸೊಳ್ಳೆ. ನಮ್ಮ ಮನೆಯ ಆರು ಕಿಟಕಿಗೂ ಜಾಲರಿ ಇರಲಿಲ್ಲ. ಮಾಡಿಸೋಕೆ ಕೇಳಿದ ದುಡ್ಡು ಜಾಸ್ತಿ ಅನ್ನಿಸಿತು. ನಾನೇ 2 ಇಂಚು ಅಗಲದ ಪಟ್ಟಿ ತಂದೆ. ಕೈಗರಗಸದಲ್ಲಿ 45 ಡಿಗ್ರಿ ಕೊಯ್ದು, ಮೊಳೆ ಹೊಡೆದು ಫ್ರೇಮ್ ಮಾಡಿದೆ. ದೂರದಿಂದ ನೋಡಿದರೆ ಚೆನ್ನಾಗಿಯೇ ಇತ್ತು. ಹತ್ತಿರ ಹೋದರೆ ಮೂಲೆಗಳು ಬಾಯಿ ಬಿಟ್ಟಿದ್ದವು. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬಿದೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದೂ ಉದುರಿತು. ಒಂದು ರಾತ್ರಿ ಮಗಳು ಮೊಬೈಲ್ ಟಾರ್ಚ್ ಹಿಡಿದು ತೋರಿಸಿದಳು. "ಅಪ್ಪಾ, ಸೊಳ್ಳೆಗೆ ನೀನೇ ಬಾಗಿಲು ಮಾಡಿಕೊಟ್ಟೀಯ."

ಆಮೇಲೆ ಮೈಟರ್ ಸಾ, ಅಂದರೆ ಹೇಳಿದ ಕೋನಕ್ಕೆ ಮರ ತುಂಡು ಮಾಡುವ ಕರೆಂಟಿನ ಗರಗಸ, ಕೊಂಡೆ. ಒಂದಲ್ಲ, ಎರಡು. ಮೊದಲನೆಯದರಲ್ಲಿ ಕೈ ಸುಟ್ಟುಕೊಂಡೆ. ಮನೆಗೆಲಸಕ್ಕೆ 20,000 ರೂಪಾಯಿ ಒಳಗೆ ಒಂದು ಮಷಿನ್ ಬೇಕು ಅನ್ನುವವರಿಗಾಗಿ, ಎರಡನೇ ಸಲ ನಾನು ಏನೇನು ನೋಡಿ ತಂದೆ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಫ್ರೇಮ್‌ಗೆ ನಾಲ್ಕು ಪಟ್ಟಿ. ಒಂದೊಂದು ಪಟ್ಟಿಗೆ ಎರಡು ತುದಿ. ಒಟ್ಟು ಎಂಟು ಕಟ್. ಮಷಿನ್ ಪ್ರತಿ ಕಟ್‌ಗೆ ಬರೀ ಅರ್ಧ ಡಿಗ್ರಿ ತಪ್ಪಿತು ಅಂದುಕೊಳ್ಳಿ. ಕಣ್ಣಿಗೆ ಕಾಣೋದೂ ಇಲ್ಲ. ಆದರೆ ಎಂಟು ಅರ್ಧ ಸೇರಿದರೆ ನಾಲ್ಕು ಡಿಗ್ರಿ. ಮೂರು ಮೂಲೆ ಒತ್ತಿ ಕೂಡಿಸಿದಿರೋ, ಆ ನಾಲ್ಕೂ ಡಿಗ್ರಿ ಕೊನೇ ಮೂಲೆಗೆ ಬಂದು ಕೂರುತ್ತೆ. 2 ಇಂಚಿನ ಪಟ್ಟಿಯಲ್ಲಿ ಅದು ಸುಮಾರು 5 ಮಿಲಿಮೀಟರ್ ಸಂದು. ಇಂಚಿಗೆ ಎಂಟು ನೂಲು ಅನ್ನುವ ಬಡಗಿ ಲೆಕ್ಕದಲ್ಲಿ ಒಂದೂವರೆ ನೂಲು. ಸೊಳ್ಳೆ ಸಂಸಾರ ಸಮೇತ ಬರಬಹುದು.

ಹಾಗಾಗಿ ಕಡಿಮೆ ಬೆಲೆಯ ಮಷಿನ್‌ನಲ್ಲಿ ನಾನು ನೋಡೋದು ಒಂದೇ. ಹೇಳಿದ ಕೋನಕ್ಕೆ ಕೊಯ್ಯುತ್ತಾ? ಮತ್ತೆ ತಿರುಗಿಸಿ ತಂದರೂ ಅಲ್ಲೇ ಕೊಯ್ಯುತ್ತಾ? ವ್ಯಾಟ್, ಲೇಸರ್, ಸ್ಲೈಡಿಂಗ್ ಎಲ್ಲ ಆಮೇಲೆ.

ಅದಕ್ಕೂ ಮುಂಚೆ, ನಿಮಗೆ ಈ ಮಷಿನ್ ಬೇಕಾ ಅಂತ ಯೋಚಿಸಿ. ಮೈಟರ್ ಸಾ ಮರವನ್ನು ಅಡ್ಡಕ್ಕೆ ಕೊಯ್ಯುತ್ತೆ, ಅಷ್ಟೇ. ಪಟ್ಟಿ, ರೀಪು, ಬೀಡಿಂಗ್, ಚೌಕಟ್ಟಿನ ಮರ, ಇವನ್ನು ನೇರಕ್ಕೋ ಓರೆಗೋ ತುಂಡು ಮಾಡಬಹುದು. ಉದ್ದಕ್ಕೆ ಸೀಳೋಕೆ ಆಗಲ್ಲ. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಶೀಟ್ ಅದರ ಬಾಯಿಗೆ ಹಿಡಿಯಲ್ಲ. ಕಪಾಟು, ಶೋಕೇಸ್ ಮಾಡುವ ಆಸೆ ಇದ್ದರೆ ಸರ್ಕ್ಯುಲರ್ ಸಾ (ಕೈಯಲ್ಲಿ ಹಿಡಿದು ತಳ್ಳುವ ಚಕ್ರದ ಗರಗಸ) ತಗೊಳ್ಳಿ, ಇಲ್ಲವೇ ಪ್ಲೈವುಡ್ ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಯಿಸಿಕೊಳ್ಳಿ. ವರ್ಷಕ್ಕೆ ಒಂದು ಫೋಟೋ ಫ್ರೇಮ್ ಮಾಡುವವರಿಗೆ ಒಳ್ಳೆ ಕೈಗರಗಸ ಮತ್ತು ಮೈಟರ್ ಬಾಕ್ಸ್ (ಗರಗಸ ಕೋನ ಬಿಟ್ಟು ಹೋಗದ ಹಾಗೆ ಸೀಳು ಬಿಟ್ಟ ಪೆಟ್ಟಿಗೆ) ಸಾಕು.

ಒಂದು ಮಾತ್ರ ಮಾಡಬೇಡಿ. ನಮ್ಮ ಕಡೆ 4 ಇಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಕೊಯ್ಯುವುದು ಮಾಮೂಲಿ ಆಗಿಬಿಟ್ಟಿದೆ. ಅದು ಕಲ್ಲಿಗೆ ಮಾಡಿದ ಮಷಿನ್. ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತೆ. 10 ಇಂಚಿನ ಮೈಟರ್ ಸಾ ತಿರುಗುವುದು 5,000ದ ಆಸುಪಾಸು. ಹಲ್ಲಿನ ಬ್ಲೇಡನ್ನು ತಾನಾಗಿ ಮುಚ್ಚುವ ಗಾರ್ಡ್ ಆ ಕಟರ್‌ಗೆ ಇರಲ್ಲ. ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡರೆ ಕಟರ್ ಹಿಡಿದವನ ಕಡೆಗೇ ಹಾರುತ್ತೆ.

ಅಂಗಡಿಗೆ ಹೋದಾಗ ಹೆಸರಿನದೇ ತಕರಾರು. ಬೆಂಗಳೂರು ರಸ್ತೆ ಕಡೆ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ "ಮೈಟರ್ ಸಾ ಇದೆಯಾ" ಅಂದೆ. ಹುಡುಗ ಮುಖ ಮುಖ ನೋಡಿದ. "ಅಲ್ಯುಮಿನಿಯಂ ಕಟಿಂಗ್ ಮಷಿನ್ ಏನ್ರೀ ಸಾರ್?" ಅಂದ. ಹೌದು, ಕಿಟಕಿ, ಪಾರ್ಟಿಷನ್ ಮಾಡುವವರು ಇಟ್ಟುಕೊಳ್ಳುವುದು ಇದೇ ಜಾತಿಯ ಮಷಿನ್. ಬ್ಲೇಡ್ ಬೇರೆ, ಅಷ್ಟೇ. ಆದರೆ ಅದರ ಪಕ್ಕದಲ್ಲೇ 14 ಇಂಚಿನ ಕಟ್ ಆಫ್ ಮಷಿನ್ ಕೂಡ ಇಟ್ಟಿರುತ್ತಾರೆ. ನೋಡೋಕೆ ಎರಡೂ ಅಣ್ಣ ತಮ್ಮಂದಿರ ಹಾಗಿರುತ್ತವೆ. ಕಟ್ ಆಫ್ ಮಷಿನ್ ಇರೋದು ಕಬ್ಬಿಣದ ಪೈಪು, ಆಂಗಲ್ ಕೊಯ್ಯೋಕೆ, ಹಲ್ಲಿಲ್ಲದ ಚಕ್ರದಲ್ಲಿ. "ಇದಕ್ಕೇ ಮರದ ಬ್ಲೇಡ್ ಹಾಕಿಕೊಡ್ತೀನಿ, ಎರಡೂ ಕೆಲಸ ಆಗುತ್ತೆ" ಅಂತ ಯಾರಾದರೂ ಅಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಸೈಜ್ ವಿಷಯ ಬೇಗ ಮುಗಿಸುತ್ತೇನೆ. ಮೈಟರ್ ಸಾ 8, 10, 12 ಇಂಚಿನ ಬ್ಲೇಡಿನಲ್ಲಿ ಬರುತ್ತೆ. 8 ಇಂಚಿನದು ಹಗುರ, ಬೀಡಿಂಗ್‌ಗೆ, ಫೋಟೋ ಫ್ರೇಮ್‌ಗೆ ಸಾಕು. 12 ಇಂಚಿನದು ಭಾರ, ಬ್ಲೇಡೂ ದುಬಾರಿ, ಮನೆಗೆ ಬೇಡ. 10 ಇಂಚಿನದು ನೇರ ಕಟ್‌ನಲ್ಲಿ ಸುಮಾರು 5 ಇಂಚು ಅಗಲ ಕೊಯ್ಯುತ್ತೆ. 45 ಡಿಗ್ರಿಗೆ ತಿರುಗಿಸಿದರೆ ಮೂರೂವರೆ ಇಂಚಿನ ಆಸುಪಾಸಿಗೆ ಇಳಿಯುತ್ತೆ. ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ ನೇರ ಕಟ್‌ನ ಅಳತೆ ಮಾತ್ರ ಇರುತ್ತೆ. ನೀವು ಒಳಗಿನ ಪುಸ್ತಕ ಬಿಡಿಸಿ 45ರ ಅಳತೆ ನೋಡಿ. ಮನೆಯಲ್ಲಿ ನೀವು ಕೊಯ್ಯುವ ಅತಿ ಅಗಲದ ಪಟ್ಟಿ ಅದರೊಳಗೆ ಬರಬೇಕು. ಮತ್ತೆ, ಬ್ಲೇಡ್ ಒಂದೇ ಕಡೆ ವಾಲಿದರೆ ಸಾಕು. ಎರಡೂ ಕಡೆ ವಾಲುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಮರವನ್ನೇ ತಿರುಗಿಸಿ ಇಟ್ಟರಾಯಿತು.

ಈಗ ನನ್ನ ತಪ್ಪಿನ ಕಥೆ. ಮೊದಲ ಸಲ ನಾನು 8 ಇಂಚಿನ ಸ್ಲೈಡಿಂಗ್ ತಂದೆ. ಸ್ಲೈಡಿಂಗ್ ಅಂದರೆ ಮಷಿನ್ ತಲೆ ಎರಡು ಉಕ್ಕಿನ ಕೋಲಿನ ಮೇಲೆ ಹಿಂದೆ ಮುಂದೆ ಜಾರುತ್ತೆ. ಬ್ಲೇಡ್ ಸಣ್ಣದಾದರೂ ಅಡಿಯಷ್ಟು ಅಗಲದ ಹಲಗೆ ಕೊಯ್ಯಬಹುದು. ಅದನ್ನು ಕೇಳಿಯೇ ಮರುಳಾದೆ. ದುಬಾರಿ ಮಷಿನ್‌ಗಳಲ್ಲಿ ಅದು ಒಳ್ಳೆಯದೇ. ಆದರೆ ಕಡಿಮೆ ಬೆಲೆಯಲ್ಲಿ ಮೋಟರೂ ಬೇಕು, ಕೋಲೂ ಬೇಕು, ಬೇರಿಂಗೂ ಬೇಕು ಅಂದರೆ ಎಲ್ಲೋ ಒಂದು ಕಡೆ ಕೈ ಬಿಗಿ ಹಿಡಿಯಲೇಬೇಕಲ್ವಾ? ನನ್ನದರಲ್ಲಿ ಬೇರಿಂಗ್‌ಗೆ ಕೈ ಬಿಗಿ ಹಿಡಿದಿದ್ದರು. ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಹಿಡಿ ಅಲ್ಲಾಡಿಸಿದರೆ ಬ್ಲೇಡ್ ಎಡಕ್ಕೂ ಬಲಕ್ಕೂ ಹೋಗಿ ಬರುತ್ತಿತ್ತು, ಹಳೇ ಸೈಕಲ್ ಹ್ಯಾಂಡಲ್ ಹಾಗೆ. ಕಟ್‌ನ ಹಿಂದಿನ ತುದಿ ನೇರ, ಮುಂದಿನ ತುದಿ ಸೊಟ್ಟ. ಏನು ಬಿಗಿ ಮಾಡಿದರೂ ಸರಿ ಹೋಗಲಿಲ್ಲ. ಕೊನೆಗೆ ಅರ್ಧ ರೇಟಿಗೆ ಮಾರಿದೆ, ಸೊಟ್ಟ ಇದೆ ಅಂತ ಹೇಳಿಯೇ ಮಾರಿದೆ. ಕೊಂಡವರು ಬೇಲಿಗೆ ಗೂಟ ಕೊಯ್ಯುತ್ತಾರೆ. ಅವರಿಗೆ ಅದು ಸಾಕು.

ಎರಡನೇ ಸಲ ಸ್ಲೈಡಿಂಗ್ ಇಲ್ಲದ, ಬರೀ ಕೆಳಗಿಳಿದು ಮೇಲೇಳುವ 10 ಇಂಚಿನದನ್ನು ನೋಡಲು ಹೋದೆ. ಹೋಗುವಾಗ ಬೈಕಿಗೆ ಎರಡು ಸಾಮಾನು ಕಟ್ಟಿಕೊಂಡೆ. ಒಂದು, ಪ್ಯಾಟರ್ನ್ ಹಾಕುವಾಗ ನಾನು ಬಳಸುವ ಎಲ್ ಸ್ಕೇಲ್. ಇನ್ನೊಂದು, 4 ಇಂಚು ಅಗಲ, 3 ಅಡಿ ಉದ್ದದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪಟ್ಟಿ. ಎಂಡಿಎಫ್ ಯಾಕೆ ಅಂದರೆ ಅದಕ್ಕೆ ಗಂಟಿಲ್ಲ, ಸೊಟ್ಟ ಇರಲ್ಲ. ಎರಡು ಅಂಚೂ ಒಂದಕ್ಕೊಂದು ಸಮ ಇರುವ ಹಾಗೆ ಅಂಗಡಿಯ ದೊಡ್ಡ ಮಷಿನ್‌ನಲ್ಲೇ ಕೊಯ್ಯಿಸಿಕೊಳ್ಳಿ. ಈ ಎರಡು ಇದ್ದರೆ ಅರ್ಧ ಗಂಟೆಯಲ್ಲಿ ಮಷಿನ್‌ನ ಜಾತಕ ಗೊತ್ತಾಗುತ್ತೆ.

ಮೊದಲು ಪ್ಲಗ್ ಹಾಕದೆ ನೋಡಿ. ತಲೆಯನ್ನು ಪೂರ್ತಿ ಕೆಳಗಿಳಿಸಿ, ಹಿಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಒತ್ತಿದರೆ ಎಲ್ಲ ಮಷಿನ್ನೂ ಕೂದಲೆಳೆಯಷ್ಟು ಬಾಗುತ್ತೆ, ಅದು ಸರಿ. ಆದರೆ ಸಂದಿನಲ್ಲಿ ಟಕ್ ಟಕ್ ಅಂದರೆ ಅದು ಸಡಿಲ. ಆ ಮಷಿನ್ ಅಲ್ಲೇ ಬಿಡಿ. ಎಲ್ ಸ್ಕೇಲಿನ ಉದ್ದನೆಯ ಅಂಚನ್ನು ಹಿಂದಿನ ಗೋಡೆಗೆ ಒತ್ತಿ ಹಿಡಿಯಿರಿ. ಗೋಡೆ ಅಂದರೆ ಮರ ಒರಗಿಸುವ ಫೆನ್ಸ್. ಬ್ಲೇಡಿನ ಎಡಕ್ಕೆ ಒಂದು ತುಂಡು, ಬಲಕ್ಕೆ ಒಂದು ತುಂಡು ಇರುತ್ತೆ. ಎರಡೂ ಒಂದೇ ಗೆರೆಯಲ್ಲಿ ಇರಬೇಕು. ಸ್ಕೇಲಿನ ಹಿಂದೆ ಎಲ್ಲೂ ಬೆಳಕು ಕಾಣಬಾರದು. ಎಡ ಬಲ ಎರಡೂ ಹಿಂದೆ ಕೂಡಿಕೊಂಡು ಎರಕದ ಒಂದೇ ತುಂಡಾಗಿದ್ದು ಸೊಟ್ಟ ಇದ್ದರೆ ಮನೆಯಲ್ಲಿ ಸರಿ ಮಾಡೋಕೆ ಆಗಲ್ಲ. ಆಮೇಲೆ ಸ್ಕೇಲನ್ನು ಮೇಜಿನ ಮೇಲೆ ನಿಲ್ಲಿಸಿ ಬ್ಲೇಡಿಗೆ ತಾಗಿಸಿ. ಹಲ್ಲಿಗೆ ತಾಗಿಸಬೇಡಿ, ಹಲ್ಲು ಬ್ಲೇಡಿಗಿಂತ ಸ್ವಲ್ಪ ದಪ್ಪ ಇರುತ್ತೆ. ಎರಡು ಹಲ್ಲಿನ ನಡುವೆ ತಗಡಿಗೇ ತಾಗಿಸಿ, ಇಲ್ಲೂ ಬೆಳಕು ಕಾಣಬಾರದು.

ಈಗ ಪ್ಲಗ್ ಹಾಕಿ. ಅಂಗಡಿಯವರು ಮೊದಲು ಒಪ್ಪಲಿಲ್ಲ. "ಹೊಸ ಪೀಸ್ ಸಾರ್, ಕೊಯ್ದರೆ ಬ್ಲೇಡ್ ಮಾಸುತ್ತೆ" ಅಂದರು. "ಸರಿ ಇದ್ದರೆ ಈಗಲೇ ದುಡ್ಡು ಕೊಟ್ಟು ಒಯ್ತೀನಿ, ಇಲ್ಲಾಂದ್ರೆ ಬ್ಲೇಡ್ ಒರೆಸಿ ಕೊಡ್ತೀನಿ" ಅಂದೆ. ಒಪ್ಪಿದರು.

ಸೊನ್ನೆ ಡಿಗ್ರಿಯಲ್ಲಿ ಎಂಡಿಎಫ್ ಪಟ್ಟಿಯನ್ನು ನಡುವೆ ಕೊಯ್ಯಿರಿ. ಎರಡು ತುಂಡಾಯಿತು. ಒಂದನ್ನು ಹಾಗೇ ಬಿಡಿ, ಇನ್ನೊಂದನ್ನು ರೊಟ್ಟಿ ಮಗುಚಿದ ಹಾಗೆ ಮಗುಚಿ. ಕೊಯ್ದ ಅಂಚು ಕೊಯ್ದ ಅಂಚಿಗೇ ಬರಲಿ. ಎರಡರ ಉದ್ದನೆಯ ಅಂಚನ್ನೂ ಫೆನ್ಸ್‌ಗೆ ಒರಗಿಸಿ ಕೂಡಿಸಿ. ಕಟ್ ನೇರ ಇದ್ದರೆ ಸಂದು ಮುಚ್ಚಿಕೊಳ್ಳುತ್ತೆ. ಓರೆ ಇದ್ದರೆ ಮೇಲೋ ಕೆಳಗೋ ಬಾಯಿ ಬಿಡುತ್ತೆ. ಎಷ್ಟು ಬಾಯಿ ಬಿಟ್ಟಿತೋ ಅದರ ಅರ್ಧದಷ್ಟು ಮಷಿನ್ ತಪ್ಪು, ಯಾಕಂದರೆ ಮಗುಚಿದಾಗ ತಪ್ಪು ಎರಡರಷ್ಟಾಗಿ ಕಾಣುತ್ತೆ. ನಮಗೆ ಬಟ್ಟೆಯಲ್ಲಿ ಇದು ಹಳೇ ಪಾಠ. ಮಡಿಕೆ ಹಾಕಿದ ಬಟ್ಟೆಯಲ್ಲಿ ಒಂದು ನೂಲು ತಪ್ಪಿದರೆ ಬಿಚ್ಚಿದಾಗ ಎರಡು ನೂಲು.

ಇಷ್ಟಕ್ಕೇ ತೀರ್ಮಾನ ಮಾಡಬೇಡಿ. ಮಷಿನನ್ನು 45ಕ್ಕೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕಡೆಯ 45ಕ್ಕೆ ತಿರುಗಿಸಿ, ಮತ್ತೆ ಸೊನ್ನೆಗೆ ತನ್ನಿ. ಸೊನ್ನೆಯಲ್ಲಿ ಟಕ್ಕನೆ ಕಚ್ಚಿಗೆ ಕೂರಬೇಕು. ಇನ್ನೊಮ್ಮೆ ಕೊಯ್ಯಿರಿ, ಇನ್ನೊಮ್ಮೆ ಮಗುಚಿ ನೋಡಿ. ಹೀಗೆ ಮೂರು ಸಲ. ಮೂರು ಸಲವೂ ಒಂದೇ ಥರ ತಪ್ಪಿದರೆ ಭಯ ಬೇಡ. ಫೆನ್ಸ್‌ನ ಬೋಲ್ಟ್ ಸಡಿಲಿಸಿ, ಎಲ್ ಸ್ಕೇಲ್ ಇಟ್ಟು ಸರಿಮಾಡಿ ಬಿಗಿ ಮಾಡಿದರೆ ಆಯಿತು. ಒಂದೊಂದು ಸಲ ಒಂದೊಂದು ಥರ ತಪ್ಪಿದರೆ ಆ ಮಷಿನ್ ಬಿಟ್ಟಿ ಕೊಟ್ಟರೂ ಬೇಡ. ನಮ್ಮ ಯೂನಿಟ್‌ನಲ್ಲಿ ಒಬ್ಬ ಟೈಲರ್ ಪ್ರತಿ ಪ್ಯಾಂಟಿಗೂ ಕಾಲಿಂಚು ಒಳಗೇ ಹೊಲಿಯುತ್ತಾನೆ ಅಂದರೆ ನಾನು ಕಾಲಿಂಚು ಹೊರಗೆ ಕತ್ತರಿಸಿ ಕೊಡಬಲ್ಲೆ. ದಿನಕ್ಕೊಂದು ಥರ ಹೊಲಿಯುವವನಿಗೆ ನಾನೇನು ಮಾಡಲಿ?

ನಾನು ಹೋದ ದಿನ ಮೂರು ಮಷಿನ್ ನೋಡಿದೆ. ಒಂದು ಮೊದಲ ಕಟ್‌ನಲ್ಲಿ ಅದ್ಭುತವಾಗಿತ್ತು, ತಿರುಗಿಸಿ ತಂದ ಮೇಲೆ ಕೆಟ್ಟಿತು. ಒಂದರ ಫೆನ್ಸ್ ಸೊಟ್ಟ. ಮೂರನೆಯದು ಮೂರು ಸಲವೂ ಒಂದೇ ಕಡೆಗೆ ಒಂದೇ ಅಷ್ಟು ಬಾಯಿ ಬಿಟ್ಟಿತು. ಅಂಗಡಿಯವರು ಬೇಜಾರಾದರು. ನಾನು ಅದನ್ನೇ ಕಟ್ಟಿಸಿಕೊಂಡೆ. 14,000ದ ಹತ್ತಿರ ಆಯಿತು.

ಆನ್‌ಲೈನ್‌ನಲ್ಲಿ ತರಿಸುವವರು ಇದೇ ಪರೀಕ್ಷೆಯನ್ನು ಬಾಕ್ಸ್ ಬಂದ ದಿನವೇ ಮಾಡಿ. ಬಾಕ್ಸ್ ಬಿಚ್ಚುವುದರಿಂದ ಹಿಡಿದು ವಿಡಿಯೋ ತೆಗೆಯಿರಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಸೊಟ್ಟ ಕಂಡರೆ ಬಾಕ್ಸ್ ನೋಡಿಕೊಂಡು ಕೂರಬೇಕಷ್ಟೇ.

ಇನ್ನು ಬ್ಲೇಡ್. ಉಳಿಸಿದ ದುಡ್ಡು ಇಲ್ಲಿ ಹಾಕಿ. ಜೊತೆಗೆ ಬರುವ ಬ್ಲೇಡಿಗೆ ಸಾಮಾನ್ಯವಾಗಿ 24 ಅಥವಾ 40 ಹಲ್ಲು. ಚೌಕಟ್ಟಿನ ಮರ ತುಂಡು ಮಾಡೋಕೆ ಅದು ಸಾಕು. ಆದರೆ ಫ್ರೇಮ್ ಮೂಲೆಗೆ ಅಂಚು ಸಿಬಿರು ಏಳುತ್ತೆ. 10 ಇಂಚಿಗೆ 60 ಹಲ್ಲಿನ ಕಾರ್ಬೈಡ್ (ಹಲ್ಲಿನ ತುದಿಗೆ ತುಂಬಾ ಗಟ್ಟಿ ವಸ್ತು ಬೆಸೆದ) ಬ್ಲೇಡ್ ಒಂದು ತಗೊಳ್ಳಿ. ಕೊಳ್ಳುವಾಗ ಮೂರು ನೋಡಿ. ಒಂದು, ನಡುವಿನ ತೂತು. 25.4 ಮಿಲಿಮೀಟರ್, 30 ಮಿಲಿಮೀಟರ್ ಎರಡೂ ಸಿಗುತ್ತೆ, ನಿಮ್ಮ ಮಷಿನ್‌ನದು ಯಾವುದು ಅಂತ ಬರೆದುಕೊಂಡು ಹೋಗಿ. ಎರಡು, ಬ್ಲೇಡ್ ಮೇಲೆ ಬರೆದ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನಿಮ್ಮ ಮಷಿನ್‌ನದಕ್ಕಿಂತ ಜಾಸ್ತಿ ಇರಬೇಕು. ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳಲ್ಲ: ಹಲ್ಲು ಮುಂದಕ್ಕೆ ಜಾಸ್ತಿ ಬಾಗಿರಬಾರದು. ಮೇಜಿನ ಸಂದಿನಿಂದ ಬ್ಲೇಡ್ ಮೇಲೆ ಬರುವ ಟೇಬಲ್ ಸಾ ಇರುತ್ತಲ್ಲ, ಅದರ ಬ್ಲೇಡಿನ ಹಲ್ಲು ಮುಂದಕ್ಕೆ ಕೊಕ್ಕೆಯ ಹಾಗೆ ಬಾಗಿರುತ್ತೆ. ಅದನ್ನು ಇಲ್ಲಿ ಹಾಕಿದರೆ ಬ್ಲೇಡ್ ಮರ ಹತ್ತಿಕೊಂಡು ಬಂದು ಮಷಿನ್ ತಲೆಯನ್ನು ತಾನೇ ಕೆಳಕ್ಕೆ ಎಳೆಯುತ್ತೆ. ಮೈಟರ್ ಸಾಗೆ ಹಲ್ಲು ನೆಟ್ಟಗೆ, ಇಲ್ಲವೇ ಸ್ವಲ್ಪ ಹಿಂದಕ್ಕೆ ವಾಲಿರಬೇಕು. ಅಲ್ಯುಮಿನಿಯಂಗೆ ಅದರದೇ ಬ್ಲೇಡ್ ಬೇರೆ ಇದೆ.

ಹಳೇ ಮನೆ ಕೆಡವಿದ ಮರ ತರುವವರು ಕೊಯ್ಯುವ ಮುಂಚೆ ಒಂದು ಅಯಸ್ಕಾಂತ ಸವರಿ. ಹಾಳಾದ ಸ್ಪೀಕರ್‌ನಿಂದ ಕಿತ್ತದ್ದಾದರೂ ಆದೀತು. ಒಳಗೆ ಉಳಿದ ಒಂದು ಮೊಳೆ ಸಾಕು, ಕಾರ್ಬೈಡ್ ಹಲ್ಲು ಹಾರಿಹೋಗೋಕೆ. ಬೇವಿನ ಮರ ಕೊಯ್ಯುವಾಗ ಮಾಸ್ಕ್ ಹಾಕಿ. ನಾನು ಹಾಕದೆ ಕೊಯ್ದ ದಿನ ಮಧ್ಯಾಹ್ನ ತಿಂದ ಒಗ್ಗರಣೆ ಮಂಡಕ್ಕಿಯೂ ಕಹಿ, ಮೆಣಸಿನಕಾಯಿ ಬಜ್ಜಿಯೂ ಕಹಿ. ಎಂಡಿಎಫ್ ಪುಡಿಗೆ ರುಚಿ ಇಲ್ಲ, ಆದರೆ ಅದು ಇನ್ನೂ ಸಣ್ಣ, ಇನ್ನೂ ಕೆಟ್ಟದ್ದು. ಮಷಿನ್ ಹಿಂದಿನ ಚೀಲ ಅರ್ಧ ಪುಡಿಯನ್ನೂ ಹಿಡಿಯಲ್ಲ.

ಕರೆಂಟಿನ ಮಾತು. 1,650 ವ್ಯಾಟ್‌ನ ಮೋಟರ್ 230 ವೋಲ್ಟ್‌ಗೆ 7 ಆಂಪಿಯರ್ ದಾಟಿ ಎಳೆಯುತ್ತೆ. ಶುರುವಾಗುವ ಕ್ಷಣದಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ ಬೇಡ. ಗೀಸರ್, ಕೂಲರ್‌ಗೆ ಹಾಕಿಸಿರುವ 16 ಆಂಪಿಯರ್‌ನ ದಪ್ಪ ಸಾಕೆಟ್ ಬೇಕು. ಮನೆಯ ಇನ್ವರ್ಟರ್ ಮೇಲೆ ಓಡಿಸೋಕೆ ಹೋಗಬೇಡಿ. ಮಾಳಿಗೆಗೆ ವೈರ್ ಎಳೆಯುವುದಾದರೆ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ತಗೊಳ್ಳಿ. ಸುರುಳಿ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟ ವೈರ್ ಬಿಸಿಯಾಗುತ್ತೆ. ನಮ್ಮ ಓಣಿಯಲ್ಲಿ ಬೇಸಿಗೆ ಸಂಜೆ ಎಲ್ಲರ ಕೂಲರೂ ಶುರುವಾದರೆ ವೋಲ್ಟೇಜ್ ಕುಸಿಯುತ್ತೆ. ಆಗ ಬ್ಲೇಡ್ ನಿಧಾನ ಆಗುತ್ತೆ, ನಾವು ಜೋರಾಗಿ ಒತ್ತುತ್ತೇವೆ, ಮೋಟರ್ ಸುಟ್ಟ ವಾಸನೆ ಬರುತ್ತೆ. ನಾನು ಭಾನುವಾರ ಬೆಳಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಕೊಯ್ಯುತ್ತೇನೆ. ಹತ್ತರ ಮೇಲೆ ನಮ್ಮೂರ ಮಾಳಿಗೆ ಮೇಲೆ ನಿಲ್ಲೋಕೂ ಆಗಲ್ಲ. ಸಾಫ್ಟ್ ಸ್ಟಾರ್ಟ್ ಇರುವ ಮಷಿನ್ ಸಿಕ್ಕರೆ ಐನೂರೋ ಸಾವಿರವೋ ಜಾಸ್ತಿ ಆದರೂ ತಗೊಳ್ಳಿ. ಸ್ವಿಚ್ ಒತ್ತಿದ ಕೂಡಲೇ ಮಷಿನ್ ಎಗರುವುದಿಲ್ಲ.

ಲೇಸರ್‌ಗೆ ದುಡ್ಡು ಕೊಡಬೇಡಿ. ಬಳ್ಳಾರಿ ಬಿಸಿಲಲ್ಲಿ ಆ ಕೆಂಪು ಗೆರೆ ಎಲ್ಲಿ ಕಾಣುತ್ತೆ? ಪೆನ್ಸಿಲ್ ಗೆರೆ ಎಳೆದು, ಮಷಿನ್ ಆಫ್ ಇರುವಾಗಲೇ ಹಲ್ಲನ್ನು ಗೆರೆಗೆ ಇಳಿಸಿ ನೋಡಿಕೊಂಡರೆ ಸಾಕು. ಹಲ್ಲು ಗೆರೆಯ ಯಾವ ಪಕ್ಕದ ಮರ ತಿನ್ನುತ್ತೆ ಅನ್ನುವುದು ಮಾತ್ರ ನೆನಪಿರಲಿ. ಸುಮಾರು 3 ಮಿಲಿಮೀಟರ್ ಪುಡಿಯಾಗಿ ಹೋಗುತ್ತೆ. ಮೋಟರ್‌ನ ಎರಡು ಪಕ್ಕದಲ್ಲಿ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ, ಸವೆಯುವ ತುಂಡು) ಮುಚ್ಚಳ ಹೊರಗೇ ಇದೆಯಾ ನೋಡಿ. ಇದ್ದರೆ ಬ್ರಷ್ ಸವೆದಾಗ ಸ್ಕ್ರೂಡ್ರೈವರ್ ಹಿಡಿದು ನೀವೇ ಬದಲಿಸಬಹುದು. ಹೆಚ್ಚುವರಿ ಬ್ರಷ್ ಜೋಡಿ ಆಗಲೇ ಕೇಳಿ ಇಟ್ಟುಕೊಳ್ಳಿ.

ಕೈ ಬಗ್ಗೆ ಒಂದು ಮಾತು, ಯಾಕಂದರೆ ನಾನೇ ಇದರಲ್ಲಿ ಎಡವುತ್ತಿದ್ದೆ. ಯೂನಿಟ್‌ನಲ್ಲಿ ಬಟ್ಟೆ ಕಟಿಂಗ್ ಮಷಿನ್ ಹಿಡಿಯುವಾಗ ನಾವು ಉಕ್ಕಿನ ಬಳೆ ಹೆಣೆದ ಗ್ಲೌಸ್ ಹಾಕುತ್ತೇವೆ. ಹಾಕದಿದ್ದರೆ ಬೈಸಿಕೊಳ್ಳುತ್ತೇವೆ. ಆ ಅಭ್ಯಾಸಕ್ಕೆ ಇಲ್ಲೂ ಗ್ಲೌಸ್ ಹಾಕಲು ಹೋದೆ. ಪಕ್ಕದ ಓಣಿಯ ಆಚಾರಿ ತಾತ ಮಾಳಿಗೆಯಿಂದಲೇ ಕೂಗಿದರು, "ಏ ತಮ್ಮಾ, ತೆಗಿ ಅದನ್ನ!" ತಿರುಗುವ ಹಲ್ಲಿಗೆ ಗ್ಲೌಸ್ ಸಿಕ್ಕರೆ ಕೈಯನ್ನೂ ಒಳಕ್ಕೆ ಎಳೆಯುತ್ತೆ. ಸಡಿಲ ತೋಳಿನ ಅಂಗಿ, ದುಪಟ್ಟಾ, ಕೈಗೆ ಕಟ್ಟಿದ ದಾರ ಎಲ್ಲ ಅದೇ ಲೆಕ್ಕ. ಕನ್ನಡಕ ಬೇಕೇ ಬೇಕು. ಕೈ ಬ್ಲೇಡಿನಿಂದ 6 ಇಂಚು ದೂರ. ಅಷ್ಟು ದೂರ ಹಿಡಿಯೋಕೆ ಆಗದಷ್ಟು ಸಣ್ಣ ತುಂಡಾದರೆ ಕ್ಲಾಂಪ್ ಹಾಕಿ. ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಿ, ಕೊಯ್ದಾದ ಮೇಲೆ ಸ್ವಿಚ್ ಬಿಟ್ಟು, ಬ್ಲೇಡ್ ಕೆಳಗೇ ನಿಲ್ಲುವವರೆಗೆ ಕಾದು ಮೇಲೆತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಕೊಯ್ದ ಸಣ್ಣ ತುಂಡು ಗುಂಡಿನ ಹಾಗೆ ಹಾರುತ್ತೆ. ನನ್ನದು ಒಂದು ಸಲ ನೀರಿನ ಟ್ಯಾಂಕಿಗೆ ಬಡಿದಿತ್ತು.

ಮನೆಗೆ ತಂದ ಮೇಲೆ ಮಷಿನನ್ನು ಹಲಗೆಗೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿ. ಬೈಕಿನ ಮೇಲೆ ಕುಲುಕಿ ಬಂದಿರುತ್ತೆ, ಆದ್ದರಿಂದ ಮಗುಚುವ ಪರೀಕ್ಷೆ ಇನ್ನೊಮ್ಮೆ ಮಾಡಿ ಫೆನ್ಸ್ ಸರಿಮಾಡಿಕೊಳ್ಳಿ. ಮರವನ್ನೂ ಕೊಂಡ ಕೂಡಲೇ ಕೊಯ್ಯಬೇಡಿ. ಸಾಮಿಲ್‌ನಿಂದ ಬಂದ ಹಸಿ ಪಟ್ಟಿಯನ್ನು ಕೋನ ಹಿಡಿದು ಎಷ್ಟು ಚೆನ್ನಾಗಿ ಕೊಯ್ದರೂ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಕುಗ್ಗಿ ಮೂಲೆ ಬಿಡುತ್ತೆ. ನೆರಳಲ್ಲಿ ನಡುನಡುವೆ ಕಡ್ಡಿ ಇಟ್ಟು ಕೆಲವು ವಾರ ಒಣಗಲು ಬಿಡಿ. ಮೊದಲ ಸಲ ನನ್ನ ಫ್ರೇಮ್ ಕೆಟ್ಟಿದ್ದರಲ್ಲಿ ಗರಗಸದ ಪಾಲು ಅರ್ಧ, ಹಸಿ ಮರದ ಪಾಲು ಅರ್ಧ ಅಂತ ಈಗ ಅನ್ನಿಸುತ್ತೆ.

ಹೊಸ ಬ್ಲೇಡ್ ಹಾಕುವಾಗ ಪ್ಲಗ್ ಕಿತ್ತು ಶುರು ಮಾಡಿ. ಬ್ಲೇಡಿನ ಬೋಲ್ಟ್ ಸಾಮಾನ್ಯವಾಗಿ ಉಲ್ಟಾ ಥ್ರೆಡ್‌ನದು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲ ಆಗುತ್ತೆ. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಬೆವರು ಸುರಿಸಿ ಇನ್ನೂ ಬಿಗಿ ಮಾಡಿದ್ದೆ. ಬ್ಲೇಡಿನ ಮೇಲಿನ ಬಾಣವೂ ಮಷಿನ್ ಮೇಲಿನ ಬಾಣವೂ ಒಂದೇ ಕಡೆ ತೋರಿಸುತ್ತಿವೆಯಾ ನೋಡಿ, ಬೋಲ್ಟ್ ಬಿಗಿ ಮಾಡಿ, ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಪ್ಲಗ್ ಹಾಕಿ.